ನ್ಯಾಷ್ವಿಲ್ ನಗರದ ಎರಡು ಬಿರುದುಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಟೆನೆಸೀ ಎಂಬ ಸಂಸ್ಥಾನವಿದೆ. ಅದರ ರಾಜಧಾನಿಯು ಕಂಬರ್ಲೆಂಡ್ ನದಿಯ ದಡದ ಮೇಲಿರುವ ನ್ಯಾಷ್ವಿಲ್ ನಗರ. ಈ ನಗರಕ್ಕೆ ಎರಡು ಬಿರುದುಗಳುಂಟು. ‘ದಕ್ಷಿಣದ ಅಥೆನ್ಸ್’ ಎಂಬುದು ಮೊದಲನೆಯದು. ‘ಸಂಗೀತನಗರ’ ಎಂಬುದು ಎರಡನೆಯದು. ಮೊದಲನೆಯದನ್ನು ನಗರದ ವಿದ್ಯಾವಂತರು ತಾವಾಗಿಯೇ ಧರಿಸಿಕೊಂಡರು. ಅದಕ್ಕೆ ಒಪ್ಪುವಂತೆ ವಿದ್ಯಾಲಯಗಳನ್ನು ಸ್ಥಾಪಿಸಿದರು, ಗ್ರೀಕರ ಶೈಲಿಯಲ್ಲಿ ಶಾಸನಸಭೆಯ ಮಂದಿರವನ್ನು ಎತ್ತಿಸಿದರು, ಕಡೆಗೆ ಪಾರ್ಥೆನಾನ್ ದೇವಾಲಯದ ಪಡಿಯಚ್ಚನ್ನೇ ತಮ್ಮ ಊರಿನಲ್ಲಿ ನಿಲ್ಲಿಸಿದರು. ಎರಡನೆಯದು ಅವರು ಬಯಸದೆ ಬಂದುದು. ಬಂದ ಮೇಲೂ ಬಹುಕಾಲ ಅವರಿಗೆ ಬೇಡವಾಗಿದ್ದುದು. ಆದರೆ ಇಂದು ಲೋಕವು ಬಲ್ಲುದು ಈ ಎರಡನೆಯ ಬಿರುದನ್ನೇ.

ಶಾಸನಗಳ ಬಿರುದಾವಳಿಗಳನ್ನು ಓದಿ ಬಲ್ಲವರಿಗೆ, ಬಿರುದಿನ ಬೆಡಗಿಗಿಂತಲೂ ಅದು ಯಾರ ಸಾಹಸದಿಂದ ಸಂದುದು ಎಂಬ ಪ್ರಶ್ನೆಯೇ ಮುಖ್ಯವೆಂಬುದು ತಿಳಿದಿದೆ. ನ್ಯಾಷ್ವಿಲ್ಲಿನ ಸಂಗೀತದ ಬಿರುದಿಗೆ ರೂಢಿಯಲ್ಲಿ ಹೇಳುವ ಕಾರಣವೊಂದುಂಟು: 1925ರಲ್ಲಿ ಅಲ್ಲಿ ಒಂದು ರೇಡಿಯೋ ನಿಲಯವು ಆರಂಭವಾಯಿತು, ಗುಡ್ಡಗಾಡಿನ ಬಿಳಿಯ ರೈತರ ಪಿಟೀಲು ಹಾಡುಗಳು ಅದರ ಮೂಲಕ ದೇಶವನ್ನೆಲ್ಲ ಮುಟ್ಟಿದುವು, ಕಂಟ್ರಿ ಸಂಗೀತವೆಂಬ ಹೆಸರಿನಿಂದ ಅವು ಬೆಳೆದು ನಗರಕ್ಕೆ ಕೀರ್ತಿಯನ್ನು ತಂದುವು, ಎಂದು. ಈ ಮಾತು ಸುಳ್ಳಲ್ಲ. ಆದರೆ ಅರ್ಧಮಾತ್ರ ನಿಜ. ಆ ರೇಡಿಯೋ ನಿಲಯಕ್ಕೆ 54 ವರ್ಷ ಹಿಂದೆಯೇ ನ್ಯಾಷ್ವಿಲ್ಲಿನ ಹೆಸರನ್ನು ಹಾಡಿನ ಮೂಲಕ ಸಮುದ್ರದಾಚೆಗೆ ಒಯ್ದವರು ಬೇರೆ ಇದ್ದರು. ರೇಡಿಯೋ ನಿಲಯದ ಪ್ರಸಿದ್ಧ ಕಾರ್ಯಕ್ರಮಕ್ಕೆ ಹೆಸರು ಬಂದ ರಾತ್ರಿಯೂ ಅಲ್ಲಿ ನುಡಿಸುತ್ತಿದ್ದವನು ಬಿಳಿಯನಲ್ಲ. ಈ ಎರಡು ಸಂಗತಿಗಳನ್ನೂ ಅವುಗಳ ಸ್ಥಾನದಲ್ಲಿಟ್ಟು ನೋಡಿದಲ್ಲದೆ ನಗರದ ಚರಿತ್ರೆಯು ಸರಿಯಾಗಿ ತಿಳಿಯದು.

ನಗರದ ಹುಟ್ಟಿಗೆ ಉಪ್ಪು ಕಾರಣ. ನದಿಯ ಬಳಿ ಉಪ್ಪುನೀರಿನ ಬುಗ್ಗೆಯೊಂದಿತ್ತು. ಅದನ್ನು ನೆಕ್ಕಲು ಕಾಡುಕೋಣಗಳೂ ಜಿಂಕೆಗಳೂ ಹಿಂಡುಗಟ್ಟಿ ಬರುತ್ತಿದ್ದುವು. ಅವುಗಳ ಬೆನ್ನು ಹತ್ತಿ ಷಾನೀ, ಚೆರೊಕೀ, ಚಿಕಸಾ ಮೊದಲಾದ ಮೂಲನಿವಾಸಿಗಳು ಬೇಟೆಗೆ ಬರುತ್ತಿದ್ದರು. ತೊಗಲಿನ ವ್ಯಾಪಾರಕ್ಕಾಗಿ ಫ್ರೆಂಚರು ಬಂದ ಮೇಲೆ ಆ ಸ್ಥಳಕ್ಕೆ ‘ಫ್ರೆಂಚ್ ಲಿಕ್’ ಎಂದು ಹೆಸರಾಯಿತು. 1779ರ ಕ್ರಿಸ್ಮಸ್ಸಿನ ಸುಮಾರಿಗೆ ಜೇಮ್ಸ್ ರಾಬರ್ಟ್‌ಸನ್ ಎಂಬವನು ಒಂದು ತಂಡವನ್ನು ಕರೆದುಕೊಂಡು ಬಂದು, ಹೆಪ್ಪುಗಟ್ಟಿದ್ದ ನದಿಯನ್ನು ದನಕರುಗಳೊಡನೆ ನಡೆದೇ ದಾಟಿದನು. ಜಾನ್ ಡೊನಲ್ಸನ್ ಎಂಬವನು ಹೆಂಗಸರು ಮಕ್ಕಳನ್ನು ದೋಣಿಗಳಲ್ಲಿ ಕರೆತಂದು 1780ರ ಏಪ್ರಿಲ್ 24ರಂದು ಅವರನ್ನು ಕೂಡಿಕೊಂಡನು. ಸ್ವಾತಂತ್ರ್ಯಯುದ್ಧದಲ್ಲಿ 1777ರಲ್ಲಿ ಮಡಿದ ಫ್ರಾನ್ಸಿಸ್ ನ್ಯಾಷ್ ಎಂಬ ಸೇನಾನಿಯ ಹೆಸರನ್ನು ಅವರು ಕಟ್ಟಿದ ಮರದ ಕೋಟೆಗಿಟ್ಟರು. ಆ ಮೇ ತಿಂಗಳಿನಲ್ಲಿ 256 ಮಂದಿ ಗಂಡಸರು ರುಜು ಹಾಕಿ ತಮ್ಮ ಆಡಳಿತಕ್ಕೊಂದು ಒಪ್ಪಂದವನ್ನು ಮಾಡಿಕೊಂಡರು. ಮೊದಲು ‘ನ್ಯಾಷ್‌ಬರೋ’ ಎಂದಿದ್ದ ಹೆಸರು 1784ರಲ್ಲಿ ‘ನ್ಯಾಷ್ವಿಲ್’ ಎಂದಾಯಿತು. 1796ರಲ್ಲಿ ಟೆನೆಸೀ ಪ್ರತ್ಯೇಕ ಸಂಸ್ಥಾನವಾಯಿತು. 1843ರಲ್ಲಿ ನ್ಯಾಷ್ವಿಲ್ ಅದಕ್ಕೆ ಸ್ಥಿರವಾದ ರಾಜಧಾನಿಯಾಯಿತು. ಮೊದಲು ಬಂದ ಈ ತಂಡಗಳಲ್ಲಿ ಒಡೆಯರೊಡನೆ ಕಪ್ಪು ಗುಲಾಮರೂ ಬಂದರೆಂಬುದನ್ನು ಮರೆಯತಕ್ಕುದಲ್ಲ. ಊರು ಹುಟ್ಟಿದ ದಿನದಿಂದಲೂ ಅವರು ಅಲ್ಲಿಯವರೇ.

‘ಅಥೆನ್ಸ್’ ಎಂಬ ಹೆಮ್ಮೆಗೆ ಬೀಜ ಬಿದ್ದುದು 1824ರಲ್ಲಿ. ಆ ವರ್ಷ ಪ್ರಿನ್ಸ್‌ಟನ್ನಿನಿಂದ ಫಿಲಿಪ್ ಲಿಂಡ್ಸ್‌ಲಿ ಎಂಬ ಪಂಡಿತನು ಬಂದು ನಗರದ ಕಾಲೇಜಿನ ಅಧ್ಯಕ್ಷಪದವಿಯನ್ನು ವಹಿಸಿದನು. ಕಾಡು ಕಡಿದು ಇನ್ನೂ ಅರ್ಧ ಶತಮಾನ ಕಳೆದಿರದ ಆ ಊರಿನಲ್ಲಿ ಅವನು ಗ್ರೀಕ್ ಲ್ಯಾಟಿನ್ ವಿದ್ಯೆಗಳನ್ನು ನೆಲೆಗೊಳಿಸಲು ಇಪ್ಪತ್ತೈದು ವರ್ಷ ದುಡಿದನು. ಬೇರೆ ವಿದ್ಯಾಲಯಗಳು ಕರೆದರೂ ಹೋಗಲಿಲ್ಲ. ತರುವಾಯ 1845ರಿಂದ 1859ರ ವರೆಗೆ ಶಾಸನಸಭಾಮಂದಿರದ ಕಟ್ಟಡವು ನಡೆಯಿತು. ಅದನ್ನು ರಚಿಸಿದ ವಿಲಿಯಂ ಸ್ಟ್ರಿಕ್ಲೆಂಡ್ ಎಂಬ ಶಿಲ್ಪಿಯು ಕೆಲಸ ಮುಗಿಯುವ ಮುನ್ನವೇ 1854ರಲ್ಲಿ ತೀರಿಕೊಂಡನು. ಅವನ ಶವವನ್ನು ಆ ಕಟ್ಟಡದ ಗೋಡೆಯೊಳಗೆಯೇ ಇಟ್ಟಿದ್ದಾರೆ. ಕಲ್ಲನ್ನು ಒಡೆದು ಹೊತ್ತವರಲ್ಲಿ ಗುಲಾಮರೂ ಸೆರೆವಾಸಿಗಳೂ ಇದ್ದರು.

ಈ ಮಂದಿರದ ಗೋಪುರದಲ್ಲಿ ಒಂದು ಸ್ವಾರಸ್ಯವಿದೆ. ಅದಕ್ಕೆ ಮಾದರಿ ಅಥೆನ್ಸಿನ ಲೈಸಿಕ್ರಟೀಸನ ಸ್ಮಾರಕ. ಲೈಸಿಕ್ರಟೀಸನು ರಾಜನಲ್ಲ, ದಾರ್ಶನಿಕನಲ್ಲ, ಹಣವಂತನಾದ ಒಬ್ಬ ನಾಗರಿಕ. ಅವನು ತನ್ನ ಖರ್ಚಿನಿಂದ ಸಿದ್ಧಪಡಿಸಿದ ಹುಡುಗರ ಹಾಡಿನ ಮೇಳವು ಕ್ರಿ. ಪೂ. 334ರ ಸುಮಾರಿನಲ್ಲಿ ಡಯೊನೀಸಸ್ ದೇವತೆಯ ಉತ್ಸವದಲ್ಲಿ ಬಹುಮಾನವನ್ನು ಗೆದ್ದಿತು. ಆ ಬಹುಮಾನವನ್ನು ಪ್ರದರ್ಶಿಸಲೆಂದು ಅವನು ಸ್ಮಾರಕವನ್ನು ಕಟ್ಟಿಸಿದನು. ಎಂದರೆ, ವಿದ್ಯೆಯ ನಗರವೆನ್ನಿಸಿಕೊಳ್ಳಲು ಹವಣಿಸಿದ ನ್ಯಾಷ್ವಿಲ್ ತನ್ನ ನೆತ್ತಿಯ ಮೇಲೆ ಅರಿಯದೆಯೇ ಹಾಡಿನ ಗೆಲವಿನ ಗುರುತನ್ನು ಧರಿಸಿತು. ಹಾಡುವವರ ಹೆಸರಿಗಿಂತ ಹಣ ಕೊಟ್ಟವನ ಹೆಸರೇ ಉಳಿದುದೂ ಆ ಮಾದರಿಗೆ ಸೇರಿದುದೇ. ಮುಂದಿನ ಕಥೆಗೆ ಈ ಸಾಮ್ಯವು ಒದಗಿಬರುತ್ತದೆ.

ವಿದ್ಯೆಯ ಜೊತೆಗೆ ಮುದ್ರಣವೂ ಬೆಳೆಯಿತು. ‘ವೆಸ್ಟರ್ನ್ ಹಾರ್ಮೊನಿ’ ಎಂಬ ಸ್ತೋತ್ರರಾಗಗಳ ಪುಸ್ತಕವು 1824ರಲ್ಲಿ, ಲಿಂಡ್ಸ್‌ಲಿಯು ಬಂದ ವರ್ಷದಲ್ಲಿಯೇ, ನ್ಯಾಷ್ವಿಲ್ಲಿನಲ್ಲಿ ಪ್ರಕಟವಾಯಿತು. 1854ರಲ್ಲಿ ದಕ್ಷಿಣದ ಮೆಥಡಿಸ್ಟರು ತಮ್ಮ ಮುದ್ರಣಾಲಯವನ್ನು ಅಲ್ಲಿ ಸ್ಥಾಪಿಸಿದರು. 1890ರ ದಶಕದಲ್ಲಿ ಬ್ಯಾಪ್ಟಿಸ್ಟರ ಸಂಸ್ಥೆಗಳು ಬಂದುವು. ಅವುಗಳಲ್ಲಿ ಕಪ್ಪು ಬ್ಯಾಪ್ಟಿಸ್ಟರದೂ ಒಂದು. ಹೀಗೆ ಸ್ತೋತ್ರಗೀತಗಳನ್ನು ಅಚ್ಚುಹಾಕಿ ಮಾರುವ ವ್ಯವಹಾರವು ಕಂಟ್ರಿ ಸಂಗೀತಕ್ಕಿಂತ ನೂರು ವರ್ಷ ಮೊದಲೇ ಅಲ್ಲಿ ಬೇರೂರಿತ್ತು.

1861ರ ಜೂನ್ ತಿಂಗಳಿನಲ್ಲಿ ಟೆನೆಸೀ ಒಕ್ಕೂಟದಿಂದ ಬೇರ್ಪಟ್ಟು ಗುಲಾಮಗಿರಿಯ ಸಂಸ್ಥಾನಗಳ ಪಕ್ಷವನ್ನು ಸೇರಿತು. 1862ರ ಫೆಬ್ರವರಿ 25ರಂದು ನ್ಯಾಷ್ವಿಲ್ ಉತ್ತರದ ಸೈನ್ಯಕ್ಕೆ ಶರಣಾಯಿತು. ಬಂಡೆದ್ದ ಸಂಸ್ಥಾನಗಳ ರಾಜಧಾನಿಗಳಲ್ಲಿ ಮೊದಲು ಬಿದ್ದುದು ಅದೇ. ಒಡೆಯರ ಹೊಲಗಳನ್ನು ಬಿಟ್ಟು ಸಾವಿರಾರು ಗುಲಾಮರು ನಗರಕ್ಕೆ ಬಂದು ಬಿಡಾರಗಳಲ್ಲಿ ತುಂಬಿದರು. ಅವರನ್ನು ಬಲಾತ್ಕಾರದಿಂದ ದುಡಿಸಿ ಸೈನ್ಯವು ನೆಗ್ಲಿ ಕೋಟೆಯನ್ನು ಕಟ್ಟಿಸಿತು. 1864ರ ಡಿಸೆಂಬರ್ 15, 16ರಂದು ನಗರದ ಹೊರಗೆ ನಡೆದ ಕದನದಲ್ಲಿ ದಕ್ಷಿಣದ ಸೇನೆಯು ನುಚ್ಚುನೂರಾಯಿತು. ಗೆದ್ದವರ ಪಕ್ಷದಲ್ಲಿ ಕಪ್ಪು ಸಿಪಾಯಿಗಳ ದಳಗಳು ಹೋರಾಡಿದ್ದುವು.

ಯುದ್ಧ ಮುಗಿದ ಮರುವರ್ಷ, 1866ರ ಜನವರಿ 9ರಂದು, ಸೈನ್ಯದವರು ಬಿಟ್ಟುಹೋದ ಆಸ್ಪತ್ರೆಯ ಮರದ ಕೊಟ್ಟಿಗೆಗಳಲ್ಲಿ ಫಿಸ್ಕ್ ವಿದ್ಯಾಲಯವು ಆರಂಭವಾಯಿತು. ಬಿಡುಗಡೆ ಹೊಂದಿದವರಿಗೆ ಅಕ್ಷರ ಕಲಿಸುವುದು ಅದರ ಉದ್ದೇಶ. ಗುಲಾಮರನ್ನು ಮಾರುತ್ತಿದ್ದ ಅಂಗಡಿಯಲ್ಲಿ ಉಳಿದಿದ್ದ ತುಕ್ಕುಹಿಡಿದ ಬೇಡಿಗಳನ್ನು ಹಳೆಯ ಕಬ್ಬಿಣವೆಂದು ಮಾರಿ, ಬಂದ ಹಣದಿಂದ ಕಾಗುಣಿತದ ಪುಸ್ತಕಗಳನ್ನು ಕೊಂಡರೆಂದು ಆ ವಿದ್ಯಾಲಯದ ಹಳೆಯ ವೃತ್ತಾಂತದಲ್ಲಿ ಹೇಳಿದೆ. ಐದು ವರ್ಷಗಳೊಳಗಾಗಿ ಕೊಟ್ಟಿಗೆಗಳು ಕುಸಿಯುತ್ತ ಬಂದುವು, ಸಾಲ ಮೇಲೇರಿತು, ಶಾಲೆ ಮುಚ್ಚುವ ಸ್ಥಿತಿಗೆ ಬಂದಿತು. ಆಗ ಶಾಲೆಯ ಖಜಾಂಚಿಯೂ ಹಾಡಿನ ಉಪಾಧ್ಯಾಯನೂ ಆಗಿದ್ದ ಜಾರ್ಜ್ ವೈಟ್ ಎಂಬ ಬಿಳಿಯನು ಒಂಬತ್ತು ಮಂದಿ ವಿದ್ಯಾರ್ಥಿಗಳ ಮೇಳವನ್ನು ಕಟ್ಟಿಕೊಂಡು 1871ರ ಅಕ್ಟೋಬರ್ 6ರಂದು ಉತ್ತರದ ಊರುಗಳ ಕಡೆಗೆ ಹೊರಟನು. ಅವರಲ್ಲಿ ಹೆಚ್ಚಿನವರು ಗುಲಾಮರಾಗಿ ಹುಟ್ಟಿದವರು. ಪಿಯಾನೋ ನುಡಿಸುತ್ತಿದ್ದ ಎಲಾ ಷೆಪರ್ಡಳನ್ನು ಅವಳ ತಂದೆಯು ಅವಳ ಬಾಲ್ಯದಲ್ಲಿ 350 ಡಾಲರ್ ತೆತ್ತು ಬಿಡಿಸಿಕೊಂಡಿದ್ದನು.

ಈ ಯಾತ್ರೆಯಲ್ಲಿ ವಿಚಾರಮಾಡತಕ್ಕ ಮುಖ್ಯ ಅಂಶವೆಂದರೆ, ಅವರು ಏನನ್ನು ಹಾಡಿದರು ಎಂಬುದು. ಮೊದಮೊದಲು ಹಾಡಿದುದು ಆ ಕಾಲದ ಸಭ್ಯರ ಸಂಗೀತ: ಅಚ್ಚಾದ ಸ್ತೋತ್ರಗಳು, ನಾಲ್ಕು ದನಿಗಳ ಸಮೂಹಗೀತಗಳು, ಬಿಳಿಯರ ಮನೆಗಳಲ್ಲಿ ಹಾಡುತ್ತಿದ್ದ ಲಾವಣಿಗಳು. ತಮ್ಮ ತಾಯಿತಂದೆಗಳು ಹತ್ತಿಹೊಲಗಳಲ್ಲಿಯೂ ರಾತ್ರಿಯ ಗುಟ್ಟಿನ ಪ್ರಾರ್ಥನೆಗಳಲ್ಲಿಯೂ ಹಾಡುತ್ತಿದ್ದ ‘ಸ್ಪಿರಿಚುವಲ್’ ಎಂಬ ಭಕ್ತಿಗೀತಗಳನ್ನು ಅವರು ತಮ್ಮತಮ್ಮೊಳಗೆ, ಬಾಗಿಲು ಮುಚ್ಚಿಕೊಂಡು, ಮೆಲುದನಿಯಲ್ಲಿ ಹಾಡಿಕೊಳ್ಳುತ್ತಿದ್ದರು. ಅವು ಗುಲಾಮಗಿರಿಯ ನೆನಪು. ಜೊತೆಗೆ ಹಿರಿಯರ ದೇವರು. ಪರರ ಮುಂದೆ ಅವುಗಳನ್ನು ತೆರೆಯಲು ನಾಚಿಕೆಯೂ ಇತ್ತು, ಭಯಭಕ್ತಿಯೂ ಇತ್ತು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರ ಹಾಡು ಕುಣಿತಗಳನ್ನು ಅಣಕಿಸುತ್ತಿದ್ದ ಆಟಗಳು ಅಂದು ಊರೂರಿಗೆ ನಡೆಯುತ್ತಿದ್ದುವು. ಈ ವಿದ್ಯಾರ್ಥಿಗಳೂ ಅಂತಹ ಆಟದವರೇ ಎಂದು ತಿಳಿದು ಬಂದವರು ಬಹಳ ಮಂದಿ. ಆದುದರಿಂದ ಅವರ ಸಂಕೋಚವು ನಿರಾಧಾರವಾದುದಲ್ಲ.

ಸಭ್ಯಗೀತಗಳಿಂದ ಹೊಟ್ಟೆ ತುಂಬಲಿಲ್ಲ. ಹೋಟೆಲುಗಳಲ್ಲಿ ಸ್ಥಳ ಕೊಡುತ್ತಿರಲಿಲ್ಲ. ತಟ್ಟೆಗೆ ಬಿದ್ದ ಹಣ ರೈಲಿನ ಖರ್ಚಿಗೆ ಸಾಲುತ್ತಿರಲಿಲ್ಲ. ಅಂತಹುದರಲ್ಲಿಯೂ ಸಿನ್ಸಿನಾಟಿಯಲ್ಲಿ ಬಂದ ಅಲ್ಪ ಹಣವನ್ನು ಅವರು ಷಿಕಾಗೋ ನಗರದ ಬೆಂಕಿಯಲ್ಲಿ ನೊಂದವರಿಗೆ ಕೊಟ್ಟುಬಿಟ್ಟರು. ನವೆಂಬರಿನಲ್ಲಿ ಒಹೈಯೋ ಸಂಸ್ಥಾನದ ಓಬರ್ಲಿನ್ ಎಂಬಲ್ಲಿ ಪಾದ್ರಿಗಳ ಮಹಾಸಭೆಯೊಂದು ಕೂಡಿತ್ತು. ಅಲ್ಲಿ ಮೇಳದವರು ತಮ್ಮ ಹಿರಿಯರ ಹಾಡುಗಳನ್ನೆತ್ತಿಕೊಂಡರು, ಸಭೆಯು ಬೆರಗಾಯಿತು. ಅಲ್ಲಿಂದ ಮುಂದೆ ಅವರ ಭಾಗ್ಯವೇ ತಿರುಗಿತು. ಬೈಬಲಿನಲ್ಲಿ ದಾಸರಿಗೆ ಬಿಡುಗಡೆಯ ವರ್ಷವೆಂದು ಹೇಳಿರುವ ‘ಜುಬಿಲಿ’ಯ ಹೆಸರನ್ನು ವೈಟ್ ಅವರ ಮೇಳಕ್ಕೆ ಇಟ್ಟನು. 1872ರಲ್ಲಿ ಅವರು ಅಧ್ಯಕ್ಷ ಗ್ರ್ಯಾಂಟನ ಇದಿರಿನಲ್ಲಿಯೂ, 1873ರಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಇದಿರಿನಲ್ಲಿಯೂ ಹಾಡಿದರು. ಏಳು ವರ್ಷಗಳಲ್ಲಿ ಸುಮಾರು 1,50,000 ಡಾಲರ್ ಕೂಡಿತು. ಹಳೆಯ ಗಿಲೆಮ್ ಕೋಟೆಯ ನೆಲವನ್ನು ಕೊಂಡು ಅಲ್ಲಿ ಜುಬಿಲಿ ಮಂದಿರವನ್ನು ಕಟ್ಟಿಸಿದರು. ಗುಲಾಮರ ಬಿಡುಗಡೆಯ ಘೋಷಣೆಯು ಜಾರಿಗೆ ಬಂದ ಜನವರಿ 1ನೆಯ ತಾರೀಖಿನಂದೇ 1876ರಲ್ಲಿ ಅದರ ಪ್ರತಿಷ್ಠೆ ನಡೆಯಿತು.

ಆ ಗಾಯಕರನ್ನು ಕೇಳಿದ ರಾಣಿಯು ‘ನೀವು ಸಂಗೀತದ ನಗರದಿಂದಲೇ ಬಂದಿರಬೇಕು’ ಎಂಬರ್ಥದ ಮಾತನ್ನಾಡಿದಳೆಂದೂ, ನಗರದ ಬಿರುದು ಅಲ್ಲಿಂದ ಹುಟ್ಟಿತೆಂದೂ ನ್ಯಾಷ್ವಿಲ್ಲಿನಲ್ಲಿ ಒಂದು ಮಾತಿದೆ. ಇದನ್ನು ಐತಿಹ್ಯವೆಂದೇ ಎಣಿಸಬೇಕು. ಬಿರುದಿನ ಶಬ್ದವು ಬಳಕೆಗೆ ಬಂದುದು 1950ರಲ್ಲಿ, ರೇಡಿಯೋ ನಿಲಯದ ಡೇವಿಡ್ ಕಾಬ್ ಎಂಬ ಘೋಷಕನ ಬಾಯಿಂದ. ಆದರೂ ಐತಿಹ್ಯವು ವ್ಯರ್ಥವಲ್ಲ. ಶಬ್ದ ಯಾರದಾದರೂ ಆಗಲಿ, ನ್ಯಾಷ್ವಿಲ್ ಎಂಬ ಊರಿನಿಂದ ಹಾಡು ಬರುತ್ತದೆಂದು ಲೋಕಕ್ಕೆ ಮೊದಲು ತಿಳಿಸಿದವರು ಯಾರು ಎಂಬುದನ್ನು ಜನದ ನೆನಪು ಸರಿಯಾಗಿಯೇ ಹಿಡಿದಿಟ್ಟಿದೆ.

ಹಾಡುಗಳನ್ನು ಬರೆಹಕ್ಕಿಳಿಸುವ ಕಾರ್ಯವೂ ಜೊತೆಯಲ್ಲಿಯೇ ನಡೆಯಿತು. ಥಿಯೊಡರ್ ಸೀವರ್ಡ್ ಎಂಬವನು 1872ರಲ್ಲಿ ಅವುಗಳನ್ನು ಸ್ವರಲಿಪಿಯೊಡನೆ ಅಚ್ಚುಹಾಕಿಸಿದನು. ಬಾಯಿಂದ ಬಾಯಿಗೆ ಬಂದುದನ್ನು ಕಾಗದದ ಮೇಲೆ ಕಟ್ಟಿಹಾಕುವಲ್ಲಿ ಏನು ಜಾರಿಹೋಗುತ್ತದೆಂಬುದು ಜನಪದಗೀತಗಳನ್ನು ಸಂಗ್ರಹಿಸಿದವರಿಗೆಲ್ಲ ಅನುಭವಸಿದ್ಧ. ಮುಂದೆ ಫಿಸ್ಕ್ ವಿದ್ಯಾಲಯದಲ್ಲಿಯೇ ಕಲಿಸುತ್ತಿದ್ದ ಜಾನ್ ವೆಸ್ಲಿ ವರ್ಕ್ ಎಂಬ ಕಪ್ಪು ಪಂಡಿತನು ತನ್ನ ತಮ್ಮನೊಡನೆ ಈ ಗೀತಗಳನ್ನು ಹುಡುಕಿ 1901ರಲ್ಲಿ ಒಂದು ಸಂಗ್ರಹವನ್ನು ಹೊರತಂದನು. 1915ರಲ್ಲಿ ಅವುಗಳ ವಿಮರ್ಶೆಯನ್ನು ಗ್ರಂಥರೂಪವಾಗಿ ಬರೆದನು. ಅವನು ಲ್ಯಾಟಿನ್ ಭಾಷೆಯ ಅಧ್ಯಾಪಕ! ಓದು ಕಲಿತ ಕಪ್ಪು ತರುಣರೇ ತಮ್ಮ ಅಜ್ಜಿಯರ ಹಾಡನ್ನು ಹಾಡಲು ಹಿಂದೆಗೆಯುತ್ತಿದ್ದ ಕಾಲದಲ್ಲಿ ಅವರನ್ನು ಒಲಿಸುವುದೇ ಅವನಿಗೆ ದೊಡ್ಡ ಕೆಲಸವಾಯಿತು. ಕನ್ನಡ ಲಾಕ್ಷಣಿಕರ ಮಾತಿನಲ್ಲಿ ಹೇಳುವುದಾದರೆ, ಮಾರ್ಗವನ್ನು ಬಲ್ಲವನೇ ದೇಸಿಯ ಬೆಲೆಯನ್ನು ಕಂಡುದಕ್ಕೆ ಇದು ಉದಾಹರಣೆ. ನಗರದ ಬಿಳಿಯ ವಿದ್ವಾಂಸರಿಗೆ ತಮ್ಮ ಜನದ ದೇಸಿಯ ವಿಷಯದಲ್ಲಿ ಅಂತಹ ಕಣ್ಣು ತೆರೆದುದು ಬಹಳ ತಡವಾಗಿ.

1897ರಲ್ಲಿ ಸಂಸ್ಥಾನದ ನೂರನೆಯ ವರ್ಷದ ಪ್ರದರ್ಶನವನ್ನು ಒಂದು ವರ್ಷ ತಡವಾಗಿ ನಡೆಸಿದರು. ಆಗ ಪಾರ್ಥೆನಾನಿನ ಪಡಿಯಚ್ಚನ್ನು ಇಟ್ಟಿಗೆ, ಮರ, ಗಾರೆಗಳಿಂದ ನಿಲ್ಲಿಸಿದರು. ಅದು ಶಿಥಿಲವಾಗಲು, 1920ರಿಂದ 1931ರ ವರೆಗೆ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದರು. ಅಥೆನ್ಸಿನ ಆಸೆ ಇಷ್ಟು ದೃಢವಾಗಿತ್ತು. ಆದರೆ ನಗರದ ಭವಿಷ್ಯವನ್ನು ನಿರ್ಣಯಿಸಿದ ಕಟ್ಟಡ ಇದಲ್ಲ. ನದಿಯ ಹಡಗುಗಳ ಒಡೆಯನಾದ ಥಾಮಸ್ ರೈಮನ್ ಎಂಬ ಕ್ಯಾಪ್ಟನ್ 1885ರಲ್ಲಿ ಸ್ಯಾಮ್ ಜೋನ್ಸ್ ಎಂಬ ಧರ್ಮಬೋಧಕನ ಉಪದೇಶಕ್ಕೆ ಒಳಗಾಗಿ, ಎಲ್ಲ ಪಂಥದವರೂ ಕೂಡಿ ಉಪದೇಶವನ್ನು ಕೇಳುವಂತೆ ಐದನೆಯ ಬೀದಿಯಲ್ಲಿ ಕೆಂಪು ಇಟ್ಟಿಗೆಯ ದೊಡ್ಡ ಪ್ರಾರ್ಥನಾಶಾಲೆಯೊಂದನ್ನು ಕಟ್ಟಿಸಿದನು. 1892ರಲ್ಲಿ ಅದು ಮುಗಿಯಿತು. 1904ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಹೆಸರು ಅದಕ್ಕೆ ನಿಂತಿತು. ಸಾಲು ಬೆಂಚುಗಳಿದ್ದ ಆ ಶಾಲೆಯೊಳಗೆ ದನಿಯು ಬಹು ಚೆನ್ನಾಗಿ ಕೇಳುತ್ತಿತ್ತು. ಅದರಿಂದ ಉಪದೇಶದ ಜೊತೆಗೆ ನಾಟಕ ಸಂಗೀತಗಳೂ ಅಲ್ಲಿ ನಡೆಯುತ್ತ ಬಂದುವು. ಫಿಸ್ಕಿನ ಗಾಯಕರು ಹಾಡಿದರು; ಇಟಲಿಯ ಕರೂಸೋ 1919ರಲ್ಲಿ ಹಾಡಿದನು.

1925ನೆಯ ವರ್ಷವು ಈ ನಗರದ ಚರಿತ್ರೆಯಲ್ಲಿ ವಿಚಿತ್ರವಾದುದು. ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಸುತ್ತ ಕೂಡಿದ ಜಾನ್ ಕ್ರೋ ರ‍್ಯಾನ್ಸಮ್, ಆಲೆನ್ ಟೇಟ್, ಡೊನಾಲ್ಡ್ ಡೇವಿಡ್‌ಸನ್, ರಾಬರ್ಟ್ ಪೆನ್ ವಾರೆನ್ ಮೊದಲಾದ ಕವಿಗಳು 1922ರಿಂದ ‘ದಿ ಫ್ಯೂಜಿಟಿವ್’ ಎಂಬ ಕಾವ್ಯಪತ್ರಿಕೆಯನ್ನು ನಡೆಸುತ್ತಿದ್ದರು. ಅದರ ಕೊನೆಯ ಸಂಚಿಕೆಯು ಹೊರಟುದು 1925ರ ಡಿಸೆಂಬರಿನಲ್ಲಿ. ಅದೇ ತಿಂಗಳ 26ರಂದು, ಅದೇ ನಗರದಲ್ಲಿ, ರೈತರ ಪಿಟೀಲಿನ ಕಾರ್ಯಕ್ರಮವು ರೇಡಿಯೋದಲ್ಲಿ ವಾರವಾರವೂ ಕ್ರಮವಾಗಿ ಕೇಳಿಬರತೊಡಗಿತು. ಐದು ವರ್ಷಗಳ ಮೇಲೆ, 1930ರಲ್ಲಿ, ಅದೇ ಕವಿಗಳಲ್ಲಿ ನಾಲ್ವರೂ ಇತರ ಎಂಟು ಮಂದಿಯೂ ಕೂಡಿ, ಯಂತ್ರನಾಗರಿಕತೆಯನ್ನು ಖಂಡಿಸಿ ರೈತಜೀವನವನ್ನೂ ಅದರ ಕಲೆಗಳನ್ನೂ ಎತ್ತಿಹಿಡಿಯುವ ಪ್ರಬಂಧಸಂಪುಟವನ್ನು ಪ್ರಕಟಿಸಿದರು. ಅವರ ಕಿವಿಯ ಬಳಿಯಲ್ಲಿಯೇ ಶನಿವಾರ ರಾತ್ರಿಗಳಲ್ಲಿ ಆ ರೈತರ ಕಲೆ ಮೊಳಗುತ್ತಿತ್ತು. ಅವರಲ್ಲಿ ಡೇವಿಡ್‌ಸನ್ನನು ಮಾತ್ರ ಕಂಟ್ರಿ ಸಂಗೀತದವರ ಬಾಳನ್ನು ಕುರಿತು ಒಂದು ಕಾದಂಬರಿಯನ್ನು ಬರೆದನು. ಅವನು 1968ರಲ್ಲಿ ತೀರಿಕೊಂಡು, ಅದು ಅಚ್ಚಾದುದು 1996ರಲ್ಲಿ. ಅದೇ ಡೇವಿಡ್‌ಸನ್ನನು ಕಪ್ಪು ಬಿಳಿಯರನ್ನು ಬೇರೆಬೇರೆಯಾಗಿಡುವ ಕಟ್ಟಳೆಯನ್ನು ಕೊನೆಯ ವರೆಗೂ ಸಮರ್ಥಿಸಿದವನೆಂಬುದನ್ನೂ ಹೇಳದೆ ಬಿಡಲಾಗದು.

ರೇಡಿಯೋ ನಿಲಯವನ್ನು ಸ್ಥಾಪಿಸಿದವರು ಕವಿಗಳೂ ಅಲ್ಲ, ಗಾಯಕರೂ ಅಲ್ಲ. ಒಂದು ವಿಮಾ ಕಂಪನಿಯವರು. ವಾರಕ್ಕಿಷ್ಟು ಸಣ್ಣ ಕಂತು ಕೊಟ್ಟರೆ ಕಾಯಿಲೆ ಅಪಘಾತಗಳಿಗೆ ಪರಿಹಾರ ಕೊಡುವ ವಿಮೆಯನ್ನು ನ್ಯಾಷನಲ್ ಲೈಫ್ ಅಂಡ್ ಆ್ಯಕ್ಸಿಡೆಂಟ್ ಎಂಬ ಆ ಕಂಪನಿಯು ಕೂಲಿಕಾರರಿಗೂ ರೈತರಿಗೂ ಮಾರುತ್ತಿತ್ತು; ಅದರ ಆರಂಭದ ದಿನಗಳಲ್ಲಿ ಕಪ್ಪು ಜನರೂ ಅದರ ಗಿರಾಕಿಗಳಾಗಿದ್ದರು. ಲಕ್ಷಾಂತರ ಜನರಿಗೆ ರಕ್ಷೆಯೆಂಬ ಅರ್ಥದ ಅದರ ಘೋಷವಾಕ್ಯದ ಮೊದಲ ಅಕ್ಷರಗಳಿಂದಲೇ ಡಬ್ಲ್ಯು. ಎಸ್. ಎಂ. ಎಂಬ ನಿಲಯದ ಹೆಸರಾಯಿತು. 1925ರ ಅಕ್ಟೋಬರ್ 5ರಂದು ಆರಂಭವಾದಾಗ ಅಲ್ಲಿ ಕೇಳಿಬಂದುದು ಸಭ್ಯಸಂಗೀತವೇ. ನವೆಂಬರ್ 28ರಂದು, ಷಿಕಾಗೋದಿಂದ ಬಂದಿದ್ದ ಜಾರ್ಜ್ ಹೇ ಎಂಬ ಘೋಷಕನು ‘ಅಂಕಲ್’ ಜಿಮ್ಮಿ ಥಾಮ್ಸನ್ ಎಂಬ 77 ವರ್ಷದ ಮುದುಕನನ್ನು ಯಂತ್ರದ ಮುಂದೆ ಕೂರಿಸಿ ಪಿಟೀಲು ನುಡಿಸಿದನು. ಕೇಳಿದವರ ಮೆಚ್ಚುಗೆ ಪ್ರವಾಹವಾಗಿ ಬಂದಿತು. ಕಂಪನಿಯವರು ಸಂಗೀತದಲ್ಲಿ ಏನು ಕಂಡರೋ, ಹಾಡು ಕೇಳಿದ ಮನೆಯ ಬಾಗಿಲು ತಮ್ಮ ಏಜೆಂಟನಿಗೆ ಬೇಗ ತೆರೆಯುವುದೆಂಬುದನ್ನು ಮಾತ್ರ ಚೆನ್ನಾಗಿ ಕಂಡರು.

1927ರಲ್ಲಿ ಕಾರ್ಯಕ್ರಮಕ್ಕೆ ಹೆಸರು ಬಂದ ಸಂದರ್ಭವನ್ನು ಹೇ ತಾನೇ ಮುಂದೆ ವರ್ಣಿಸಿದ್ದಾನೆ. ಆ ಶನಿವಾರ ನ್ಯೂಯಾರ್ಕಿನಿಂದ ವಾಲ್ಟರ್ ಡಾಮ್ರೋಷ್ ಎಂಬ ಸಂಗೀತನಾಯಕನ ಶಾಸ್ತ್ರೀಯ ವಾದ್ಯಮೇಳವು ಪ್ರಸಾರವಾಯಿತು. ಶಾಸ್ತ್ರೀಯಸಂಗೀತದಲ್ಲಿ ನಿಜಜೀವನದ ಅನುಕರಣೆಗೆ ಸ್ಥಳವಿಲ್ಲವೆಂದು ಹೇಳಿ ಡಾಮ್ರೋಷನು, ಅಪವಾದವೆಂಬಂತೆ, ರೈಲಿನ ರಭಸವನ್ನು ಚಿತ್ರಿಸುವ ಕೃತಿಯೊಂದನ್ನು ನುಡಿಸಿದನಂತೆ. ಅದು ಮುಗಿಯುತ್ತಲೇ ಹೇ, ಇಲ್ಲಿ ಇನ್ನು ಜೀವನವಲ್ಲದೆ ಬೇರೆ ಇಲ್ಲವೆಂದು ಹಾಸ್ಯಮಾಡಿ, ತನ್ನ ಮೇಳದವನೊಬ್ಬನನ್ನು ಕರೆದನು. ಅವನು ಮೌತ್ ಆರ್ಗನ್ನಿನಲ್ಲಿ ರೈಲು ಹೊರಡುವುದನ್ನೂ ಓಡುವುದನ್ನೂ ಕೂಗುವುದನ್ನೂ ನುಡಿಸಿ ತೋರಿಸಿದನು. ಆಗ ಹೇ ‘ಗ್ರ್ಯಾಂಡ್ ಆಪೆರಾ’ ಎಂಬ ಶಾಸ್ತ್ರೀಯ ಹೆಸರನ್ನು ಹಳ್ಳಿಗರ ಉಚ್ಚಾರಣೆಯಲ್ಲಿ ತಿರುಚಿ, ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದು ಕಾರ್ಯಕ್ರಮಕ್ಕೆ ಹೆಸರಿಟ್ಟನು. ತತ್ಸಮವನ್ನು ಬೇಕೆಂದೇ ತದ್ಭವ ಮಾಡಿದಂತಿದೆ ಈ ನಾಮಕರಣ.

ಅಂದು ನುಡಿಸಿದವನು ಡೀಫೋರ್ಡ್ ಬೈಲಿ. 1899ರಲ್ಲಿ ಟೆನೆಸೀಯ ಹಳ್ಳಿಯೊಂದರಲ್ಲಿ ಹುಟ್ಟಿದ ಕಪ್ಪು ಕಲಾವಿದ. ಬಾಲ್ಯದ ಪೋಲಿಯೋದಿಂದ ದೇಹ ಗಿಡ್ಡಾಗಿ ಉಳಿದವನು. ಅವನ ಅಜ್ಜ ಪಿಟೀಲುಗಾರ. ತಾನು ನುಡಿಸುವುದು ತನ್ನ ಮನೆಯಲ್ಲಿ ಕೇಳಿ ಬೆಳೆದ ಕಪ್ಪು ಜನರ ಗುಡ್ಡಗಾಡಿನ ಸಂಗೀತವೆಂದು ಅವನು ಹೇಳಿಕೊಳ್ಳುತ್ತಿದ್ದನು. ಈ ಸಂಗೀತದ ಮುಖ್ಯ ವಾದ್ಯಗಳಲ್ಲೊಂದಾದ ಬ್ಯಾಂಜೊ ಆಫ್ರಿಕದಿಂದ ಬಂದವರ ಮೂಲಕ ಅಮೆರಿಕಕ್ಕೆ ಬಂದುದೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. 1928ರಲ್ಲಿ ಆ ಕಾರ್ಯಕ್ರಮದಲ್ಲಿ ಎಲ್ಲರಿಗಿಂತಲೂ ಹೆಚ್ಚು ಸಲ ನುಡಿಸಿದವನು ಅವನೇ. ನ್ಯಾಷ್ವಿಲ್ಲಿನಲ್ಲಿ ಧ್ವನಿಮುದ್ರಣವು ಮೊದಲಾದ ಆ ವರ್ಷ ಅವನ ವಾದನವೂ ಮುದ್ರಿತವಾಯಿತು. ಆದರೆ ಮೇಳವು ಸಂಚಾರಹೊರಟಾಗ ಜೊತೆಯವರು ಇಳಿದ ಹೋಟೆಲಿನಲ್ಲಿ ಅವನಿಗೆ ಹಾಸಿಗೆಯಿರಲಿಲ್ಲ.

ಹೇ ತನ್ನ ಬಿಳಿಯ ವಾದ್ಯಗಾರರಿಗೆ ಹಾಕಿಸಿದ ವೇಷವೂ ಗಮನಾರ್ಹ. ಡಾಕ್ಟರ್ ಹಂಫ್ರಿ ಬೇಟ್ ಎಂಬವನು ನ್ಯಾಷ್ವಿಲ್ಲಿನಲ್ಲಿಯೇ ವೈದ್ಯಶಾಸ್ತ್ರ ಕಲಿತ ಗೌರವಸ್ಥ. ಕೋಟು ಕಾಲರು ಧರಿಸಿ ಬರುತ್ತಿದ್ದವನು. ಅವನ ಮೇಳಕ್ಕೆ ‘ಪಾಸಮ್ ಹಂಟರ್ಸ್’, ಎಂದರೆ ಕಾಡಿನ ಸಣ್ಣಪ್ರಾಣಿಯ ಬೇಟೆಗಾರರು, ಎಂಬ ಹೆಸರು ಬಿದ್ದಿತು. ಒರಟು ಬಟ್ಟೆ, ಹುಲ್ಲಿನ ಟೊಪ್ಪಿಗೆಗಳಲ್ಲಿ ಚಿತ್ರ ತೆಗೆಸಿದರು. ದೇಸಿಯು ತಾನಾಗಿಯೇ ಬರದೆ, ಕೇಳುವವರು ಬಯಸಿದ ದೇಸಿಯಾಗಿ ಬಂದಿತು. ಅಥೆನ್ಸಿನ ಪಡಿಯಚ್ಚಿನಂತೆ ಇದೂ ಒಂದು ಪಡಿಯಚ್ಚು.

ನಗರದ ಹಿರಿಯರು ನಾಚಿದರು. 1932ರಲ್ಲಿ ನಿಲಯಕ್ಕೆ 50,000 ವಾಟ್ ಶಕ್ತಿಯ ಪ್ರಸಾರಕವೂ 878 ಅಡಿ ಎತ್ತರದ ಗೋಪುರವೂ ಬಂದು, ರಾತ್ರಿಯ ಹೊತ್ತು ದೇಶದ ಬಹುಭಾಗಕ್ಕೆ ಅದು ಕೇಳುತ್ತಿತ್ತು. ಹಾಗಾಗಿ ನಾಚಿಕೆಯೂ ದೇಶವ್ಯಾಪಿಯಾಯಿತು. 1943ರ ಜೂನ್ 5ರಿಂದ ಕಾರ್ಯಕ್ರಮವು ರೈಮನ್ ಶಾಲೆಯಲ್ಲಿ ನಡೆಯತೊಡಗಿತು. ಅದೇ ವರ್ಷ ಗಾಯಕ ರಾಯ್ ಏಕಫ್‌ನ ಸಮಾರಂಭಕ್ಕೆ ಸಂಸ್ಥಾನದ ಗವರ್ನರ್ ಪ್ರೆಂಟಿಸ್ ಕೂಪರ್‌ನನ್ನು ಕರೆಯಲು, ನ್ಯಾಷ್ವಿಲ್ಲನ್ನು ‘ಹಿಲ್‌ಬಿಲಿ’ಗಳ, ಎಂದರೆ ಗುಡ್ಡದ ಗಾವಿಲರ, ರಾಜಧಾನಿಯನ್ನಾಗಿ ಮಾಡಿ ನಾಡಿಗೆ ಅಪಕೀರ್ತಿ ತರುತ್ತಿದ್ದಾರೆಂದು ಅವನು ಬರಲು ಒಲ್ಲೆನೆಂದನೆಂಬುದು ಪ್ರಸಿದ್ಧವಾಗಿದೆ. ಏಕಫ್ 1948ರಲ್ಲಿ ಆ ಗವರ್ನರ್ ಪದವಿಗೇ ಚುನಾವಣೆಯಲ್ಲಿ ನಿಂತು ಸೋತನು.

ಕಂಟ್ರಿ ಸಂಗೀತವು ನ್ಯಾಷ್ವಿಲ್ಲಿನಲ್ಲಿ ಹುಟ್ಟಿದುದಲ್ಲ. ಅಟ್ಲಾಂಟಾದಲ್ಲಿ 1923ರಲ್ಲಿಯೂ ಬ್ರಿಸ್ಟಲ್ಲಿನಲ್ಲಿ 1927ರಲ್ಲಿಯೂ ನಡೆದ ಧ್ವನಿಮುದ್ರಣಗಳು ಅದಕ್ಕೆ ಹೆಚ್ಚು ಮುಖ್ಯವಾದುವು. ಅದು ಇಲ್ಲಿ ನೆಲೆಸಿದುದಕ್ಕೆ ಕಾರಣ ಶನಿವಾರದ ಕಾರ್ಯಕ್ರಮ. ವಾರವೆಲ್ಲ ಊರೂರಲ್ಲಿ ಹಾಡಿ ಶನಿವಾರ ಹಿಂದಿರುಗಬೇಕಾದವರು ನಗರದಲ್ಲಿಯೇ ಮನೆ ಮಾಡಿದರು; ಅವರನ್ನು ಹುಡುಕಿಕೊಂಡು ವ್ಯಾಪಾರ ಬಂದಿತು. 1942ರಲ್ಲಿ ಏಕಫ್–ರೋಸ್ ಎಂಬ ಗೀತಪ್ರಕಾಶನ, 1955ರಲ್ಲಿ ಹದಿನಾರನೆಯ ಬೀದಿಯಲ್ಲಿ ಬ್ರ್ಯಾಡ್ಲಿ ಸೋದರರ ತಗಡಿನ ಮಾಡಿನ ಮುದ್ರಣಶಾಲೆ, 1957ರಲ್ಲಿ ಆರ್. ಸಿ. ಎ. ಕಂಪನಿಯ ಸ್ಟುಡಿಯೋ ಹೀಗೆ ಒಂದರ ಮೇಲೊಂದು ಎದ್ದುವು. ಅಲ್ಲಿ ಗಂಟೆಗಳ ಲೆಕ್ಕದಲ್ಲಿ ನುಡಿಸುವವರಿಗೆ ಸ್ವರಲಿಪಿ ಬರೆದುಕೊಡಲು ಹೊತ್ತಿರುತ್ತಿರಲಿಲ್ಲ. ಅದಕ್ಕಾಗಿ 1950ರ ದಶಕದ ಕೊನೆಯಲ್ಲಿ ನೀಲ್ ಮ್ಯಾಥ್ಯೂಸ್ ಎಂಬ ಗಾಯಕನು ಶ್ರುತಿಯನ್ನು ಹೆಸರಿಸದೆ ಸ್ಥಾಯಿಯ ಮೆಟ್ಟಿಲುಗಳನ್ನು ಮಾತ್ರ 1, 4, 5 ಎಂದು ಅಂಕೆಗಳಿಂದ ಗುರುತಿಸುವ ಉಪಾಯವನ್ನು ಬಳಕೆಗೆ ತಂದನು. ಗಾಯಕನು ಶ್ರುತಿ ಬದಲಾಯಿಸಿದರೂ ಬರೆಹ ಬದಲಾಗದು. ಷಡ್ಜವನ್ನು ಬೇಕಾದಲ್ಲಿಟ್ಟು ಸ ರಿ ಗ ಮ ಹಾಡುವವರಿಗೆ ಇದರ ಅನುಕೂಲವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಸಂಪತ್ತು ಬರುವ ಹೊತ್ತಿಗೆ ಬೈಲಿ ಅಲ್ಲಿರಲಿಲ್ಲ. 1941ರಲ್ಲಿ ಗೀತಗಳ ಹಕ್ಕಿನ ಶುಲ್ಕದ ವಿಷಯವಾಗಿ ರೇಡಿಯೋದವರಿಗೂ ಹಕ್ಕುದಾರರ ಸಂಘಕ್ಕೂ ವಿವಾದವಾಗಿ, ಆ ಸಂಘದ ಪಟ್ಟಿಯಲ್ಲಿದ್ದ ಗೀತಗಳು ನಿಷಿದ್ಧವಾದುವು. ಬೈಲಿಯ ಮೆಚ್ಚಿನ ವಾದನಗಳು ಅದರಲ್ಲಿ ಸಿಕ್ಕಿಕೊಂಡುವು. ಆ ವರ್ಷವೇ ಅವನನ್ನು ತೆಗೆದುಹಾಕಿದರು. ಹೊಸದನ್ನು ಕಲಿಯದ ಸೋಮಾರಿಯೆಂದು ಹೇ 1945ರ ತನ್ನ ಪುಸ್ತಿಕೆಯಲ್ಲಿ ಅವನ ಮೇಲೆ ದೋಷ ಹೊರಿಸಿದನು. ಕೇಳುವವರು ಹದಿನೈದು ವರ್ಷ ಅವನಿಂದ ಬಯಸಿದ್ದು ಹಳೆಯದನ್ನೇ ಎಂಬುದನ್ನು ಅವನು ಬರೆಯಲಿಲ್ಲ. ಬೈಲಿ ನಗರದಲ್ಲಿಯೇ ಬೂಟುಗಳಿಗೆ ಪಾಲಿಷ್ ಮಾಡುವ ಅಂಗಡಿಯಿಂದ ಜೀವನ ಸಾಗಿಸಿ 1982ರಲ್ಲಿ ತೀರಿಕೊಂಡನು.

ಫಿಸ್ಕ್ ವಿದ್ಯಾಲಯದ ಬಳಿಯ ಜೆಫರ್ಸನ್ ಬೀದಿಯಲ್ಲಿ ಕಪ್ಪು ಜನರ ಸಂಗೀತಶಾಲೆಗಳು ಬೇರೆಯಾಗಿಯೇ ನಡೆಯುತ್ತಿದ್ದುವು. 1960ರ ದಶಕದ ಆದಿಯಲ್ಲಿ ಜಿಮಿ ಹೆಂಡ್ರಿಕ್ಸ್ ಅಲ್ಲಿ ಗಿಟಾರ್ ನುಡಿಸಿದನು. ಆ ದಶಕದ ಕೊನೆಯಲ್ಲಿ ರಾಷ್ಟ್ರೀಯ ಹೆದ್ದಾರಿಯೊಂದನ್ನು ಆ ಕೇರಿಯ ನಡುವೆ ಹಾಯಿಸಿದುದರಿಂದ ನೂರಾರು ಮನೆಗಳೂ ಆ ಶಾಲೆಗಳೂ ಹಾಳಾದುವು. ಇದಕ್ಕೆ ಮೊದಲು, 1960ರ ಫೆಬ್ರವರಿ 13ರಂದು, ಕಪ್ಪು ವಿದ್ಯಾರ್ಥಿಗಳು ಐದನೆಯ ಬೀದಿಯ, ಎಂದರೆ ರೈಮನ್ ಶಾಲೆಯಿರುವ ಬೀದಿಯ, ಅಂಗಡಿಗಳಲ್ಲಿ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಪೀಠಗಳಲ್ಲಿ ಕುಳಿತು ಸತ್ಯಾಗ್ರಹ ಮಾಡಿದರು. ಅವರಿಗೆ ಅಹಿಂಸೆಯ ಶಿಕ್ಷಣ ಕೊಟ್ಟ ಜೇಮ್ಸ್ ಲಾಸನ್ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಮೂರು ವರ್ಷ ಕೆಲಸಮಾಡಿ, ಗಾಂಧಿಯವರ ಮಾರ್ಗವನ್ನು ಅಭ್ಯಾಸಮಾಡಿ ಹೋಗಿದ್ದವನು. ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯವು ಅವನನ್ನು ಹೊರಹಾಕಿತು. ಮೇ 10ರಂದು ಅಂಗಡಿಗಳು ಎಲ್ಲರಿಗೂ ಊಟ ಬಡಿಸತೊಡಗಿದುವು.

1974ರ ಮಾರ್ಚಿನಲ್ಲಿ ಆಪ್ರಿ ಕಾರ್ಯಕ್ರಮವು ಊರ ಹೊರಗಿನ ಹೊಸ ಕಟ್ಟಡಕ್ಕೆ ಹೋಯಿತು. ರೈಮನ್ ಶಾಲೆಯನ್ನು ಕೆಡವಿ, ಅದರ ಇಟ್ಟಿಗೆಗಳಿಂದ ವಿಹಾರೋದ್ಯಾನದಲ್ಲಿ ಪುಟ್ಟ ಚರ್ಚೊಂದನ್ನು ಕಟ್ಟುವ ಯೋಚನೆಯೂ ನಡೆದಿತ್ತು. ವಿರೋಧ ಬಂದು ಅದು ನಿಂತಿತು, 1994ರಲ್ಲಿ ಶಾಲೆಯ ಜೀರ್ಣೋದ್ಧಾರವಾಯಿತು. ಹಳೆಯ ವೇದಿಕೆಯಿಂದ ಕತ್ತರಿಸಿ ತೆಗೆದ ಓಕ್ ಮರದ ಒಂದು ವೃತ್ತವನ್ನು ಹೊಸ ವೇದಿಕೆಯ ನಡುವೆ ಕೂಡಿಸಿದ್ದಾರೆ. 2010ರ ಮೇ ತಿಂಗಳಿನಲ್ಲಿ ಕಂಬರ್ಲೆಂಡ್ ನದಿ ಉಕ್ಕಿ ಅದು ಮುಳುಗಿದಾಗ ಎತ್ತಿ ಸರಿಪಡಿಸಿ ಮತ್ತೆ ಅಲ್ಲಿಯೇ ಇಟ್ಟರು. ಬೈಲಿಯ ಹೆಸರನ್ನು ಕಂಟ್ರಿ ಸಂಗೀತದ ಕೀರ್ತಿಮಂದಿರಕ್ಕೆ ಸೇರಿಸಿದುದು 2005ರಲ್ಲಿ, ಅವನು ಸತ್ತು 23 ವರ್ಷಗಳ ಮೇಲೆ. 2021ರ ಜನವರಿಯಲ್ಲಿ ಆಫ್ರಿಕನ್ ಅಮೆರಿಕನ್ ಸಂಗೀತದ ರಾಷ್ಟ್ರೀಯ ವಸ್ತುಸಂಗ್ರಹಾಲಯವು ನ್ಯಾಷ್ವಿಲ್ಲಿನಲ್ಲಿ, ರೈಮನ್ ಶಾಲೆಯ ಇದಿರಿನಲ್ಲಿಯೇ, ತೆರೆಯಿತು. ಅದೇ ವರ್ಷದ ಮಾರ್ಚಿನಲ್ಲಿ ಫಿಸ್ಕಿನ ಜುಬಿಲಿ ಗಾಯಕರ ಮೇಳಕ್ಕೆ ಮೊದಲ ಗ್ರ್ಯಾಮಿ ಬಹುಮಾನವು ಸಂದಿತು. ಒಂಬತ್ತು ಮಂದಿ ವಿದ್ಯಾರ್ಥಿಗಳು ರೈಲು ಹತ್ತಿ 149 ವರ್ಷಗಳಾಗಿದ್ದುವು.